ಕನ್ನಡಕಕ್ಕೆ ಏನೂ ಆಗಿರಲಿಲ್ಲ

ನನ್ನ ಬಲಗಣ್ಣಿನೊಳಗಿಂದ ತೆಗೆದದ್ದು ಏಳನೇ ನಂಬರಿನ ಉಕ್ಕಿನ ಚರೆ. ಅದರ ಅಡ್ಡಳತೆ ಎರಡೂವರೆ ಮಿಲಿಮೀಟರು. ಅಂಥವು ಹದಿನೈದು ಸೇರಿದರೆ ಒಂದು ಗ್ರಾಂ ತೂಗುತ್ತವೆ. ಒಂದು ಔನ್ಸ್ ತುಂಬಿದ ತೋಟಾದಲ್ಲಿ ನಾನೂರಕ್ಕೂ ಹೆಚ್ಚು ಚರೆ ಇರುತ್ತವೆ. ಮಿಕ್ಕವೆಲ್ಲ ಎಲ್ಲೆಲ್ಲಿಗೋ ಹೋದವು, ಒಂದು ನನ್ನ ಕಡೆಗೆ ಬಂತು.

ನಾನು ಹುಟ್ಟಿ ಬೆಳೆದದ್ದು ಸೋಮವಾರಪೇಟೆ ಕಡೆ. ಕೊಡಗಿನಲ್ಲಿ ಜಮ್ಮಾ ಎಂಬ ಪಾರಂಪರಿಕ ಭೂಮಿಯ ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಇರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ನಮ್ಮ ಮನೆಯಲ್ಲೂ ಒಂದು ಜೋಡುನಳಿಗೆ ಕೋವಿ ಇತ್ತು, ಈಗಲೂ ಇದೆ. ಕೈಲ್‌ಪೊಳ್ದಿನ ದಿನ, ಅಂದರೆ ನಮ್ಮ ಕಡೆಯ ಆಯುಧ ಪೂಜೆಯ ಹಬ್ಬದಂದು, ಅದಕ್ಕೆ ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡಿ, ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಈಡು ಹೊಡೆಯುತ್ತಿದ್ದರು. ಖಾಲಿ ಕೋವಿಯ ನಳಿಗೆಯೂ ಮನುಷ್ಯರ ಕಡೆ ತಿರುಗಬಾರದು, ಅಂಗಳಕ್ಕೆ ಕಾಲಿಡುವ ಮೊದಲೇ ತೋಟಾ ಹೊರಗೆ ಬಂದಿರಬೇಕು ಎಂದು ಅಪ್ಪ ಬೈದು ಬೈದೇ ಕಲಿಸಿದ್ದರು. ಹಾಗಾಗಿ ಅಮೆರಿಕದ ಮಿನೆಸೋಟದಲ್ಲಿ ನೆಲೆಸಿದ ಮೇಲೆ ನನ್ನ ಮಗ ಹೈಸ್ಕೂಲಿನ ಕ್ಲೇ ಶೂಟಿಂಗ್ ತಂಡಕ್ಕೆ ಸೇರುತ್ತೇನೆ ಅಂದಾಗ ಹೆದರಿದ್ದು ಮೈಸೂರಿನವರಾದ ನನ್ನ ಗಂಡ, ನಾನಲ್ಲ. ಆ ರಾಜ್ಯದಲ್ಲಿ ಶಾಲಾ ಮಕ್ಕಳಿಗೆ ಇದು ಫುಟ್‌ಬಾಲಿನಷ್ಟೇ ಮಾಮೂಲಿ ಆಟ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದನ್ನು ಟ್ರ್ಯಾಪ್ ಅನ್ನುತ್ತಾರೆ. ಮುಂದೆ ನೆಲಕ್ಕೆ ಅರ್ಧ ಹೂತಂತಿರುವ ಒಂದು ಪುಟ್ಟ ಕಟ್ಟಡ, ಅದೇ ಟ್ರ್ಯಾಪ್ ಹೌಸ್. ಒಳಗಿನ ಯಂತ್ರ ಅಂಗೈಯಗಲದ ಬಿಲ್ಲೆಗಳನ್ನು ಆಚೆಗೆ ಬೀಸುತ್ತದೆ. ಕ್ಲೇ ಅಂದರೂ ಅದು ಮಣ್ಣಲ್ಲ, ಸುಣ್ಣಕಲ್ಲಿನ ಪುಡಿಗೆ ಡಾಂಬರಿನಂಥ ಅಂಟು ಬೆರೆಸಿ ಅಚ್ಚು ಹಾಕಿದ್ದು. ಹದಿನಾರು ಗಜ ಹಿಂದೆ ಐದು ಜಾಗಗಳಲ್ಲಿ ಐದು ಜನ ನಿಲ್ಲುತ್ತಾರೆ. ಒಬ್ಬೊಬ್ಬರೇ "ಪುಲ್" ಎಂದು ಕೂಗಿದಾಗ ಬಿಲ್ಲೆ ಹಾರುತ್ತದೆ. ಒಡೆದರೆ ಒಂದು ಅಂಕ. ಒಂದು ಜಾಗದಲ್ಲಿ ಐದು ಈಡು, ಐದು ಜಾಗಕ್ಕೆ ಇಪ್ಪತ್ತೈದು, ಅದೊಂದು ಸುತ್ತು. ಇವರೆಲ್ಲರ ಹಿಂದೆ ಎತ್ತರದ ಕುರ್ಚಿಯಲ್ಲಿ ಅಂಕ ಬರೆಯುವವರು ಕೂರುತ್ತಾರೆ. ಆ ಕೆಲಸಕ್ಕೆ ಪೋಷಕರು ಬೇಕು ಎಂದು ಕೇಳಿದ್ದರು. ನಾನು ಒಪ್ಪಿಕೊಂಡಿದ್ದೆ.

ನಮ್ಮ ಮಕ್ಕಳು ಅಭ್ಯಾಸ ಮಾಡುತ್ತಿದ್ದ ಮೈದಾನ ಒಂದು ಜೌಗಿನ ಅಂಚಿನಲ್ಲಿತ್ತು. ಹಾಗಾಗಿ ಅಲ್ಲಿ ಸೀಸದ ಚರೆ ನಿಷೇಧ. ಬಾತುಕೋಳಿಗಳು ಆಹಾರ ಅರೆಯಲು ಹರಳು ನುಂಗುತ್ತವಲ್ಲ, ಆಗ ಕೆಸರಿನಲ್ಲಿ ಬಿದ್ದ ಸೀಸದ ಚರೆಯನ್ನೂ ನುಂಗಿ ವಿಷವೇರಿ ಸಾಯುತ್ತವೆ. ಅದಕ್ಕಾಗಿಯೇ ಅಮೆರಿಕದಲ್ಲಿ ನೀರುಹಕ್ಕಿಗಳ ಬೇಟೆಗೆ ಸೀಸವನ್ನು 1991ರಿಂದ ದೇಶವಿಡೀ ನಿಲ್ಲಿಸಿದ್ದಾರೆ. ನ್ಯಾಯವಾದ ನಿಯಮ, ನನಗೆ ಇವತ್ತೂ ಅದರ ಮೇಲೆ ಸಿಟ್ಟಿಲ್ಲ. ಆದರೆ ಸೀಸ ಮೆತ್ತಗಿನ ಲೋಹ, ಗಟ್ಟಿ ಜಾಗಕ್ಕೆ ಬಡಿದರೆ ಬಹುಮಟ್ಟಿಗೆ ಅಲ್ಲೇ ಚಪ್ಪಟೆಯಾಗುತ್ತದೆ. ಉಕ್ಕು ಹಾಗಲ್ಲ, ತಿರುಗಿ ಬರುತ್ತದೆ. ಆ ಟ್ರ್ಯಾಪ್ ಹೌಸಿನ ಹಿಂಗೋಡೆ, ಅಂದರೆ ನಮಗೆ ಎದುರಾಗಿ ನಿಂತ ಗೋಡೆ, ಬರಿ ಸಿಮೆಂಟ್ ಇಟ್ಟಿಗೆಯದ್ದು. ಮೇಲೆ ಒಂದು ಹಲಗೆ ಕೂಡ ಇರಲಿಲ್ಲ.

ಗೇಟಿನಲ್ಲಿ ಬೋರ್ಡಿತ್ತು: ಕಿವಿಗೂ ಕಣ್ಣಿಗೂ ರಕ್ಷಣೆಯಿಲ್ಲದೆ ಒಳಗೆ ಬರಬಾರದು. ಮೊದಲ ದಿನವೇ ನಾನು ಕೇಳಿದ್ದೆ, ನನಗೆ ಬೇರೆ ಗ್ಲಾಸು ಕೊಡುತ್ತೀರಾ ಅಂತ. ಅಲ್ಲಿದ್ದವರು ನನ್ನ ಮುಖ ನೋಡಿ ನಕ್ಕರು. "ನೀವು ಹೇಗೂ ಕನ್ನಡಕ ಹಾಕಿದ್ದೀರಲ್ಲ, ಸಾಕು" ಅಂದರು. ಕಿವಿಗೆ ಮಾತ್ರ ಮುಚ್ಚಳ ಕೊಟ್ಟರು. ನನ್ನದು ಮೈಸೂರಿನಲ್ಲಿ ಮಾಡಿಸಿದ ದೂರದೃಷ್ಟಿಯ ಕನ್ನಡಕ. ಸಣ್ಣ ಗಾಜು, ತೆಳ್ಳಗಿನ ಕಡ್ಡಿ. ಮುಖಕ್ಕೆ ಒಪ್ಪುತ್ತದೆ ಎಂದು ಆರಿಸಿಕೊಂಡಿದ್ದೆ.

ಏಪ್ರಿಲ್ ತಿಂಗಳು. ಅಲ್ಲಿ ಏಪ್ರಿಲ್ ಅಂದರೆ ನೆಲದ ಮೂಲೆಗಳಲ್ಲಿ ಇನ್ನೂ ಹಿಮ ಉಳಿದಿರುತ್ತದೆ. ಮಕ್ಕಳು ಕೈಗವಸು ಹಾಕಿಕೊಂಡಿದ್ದರು. ಬಿಲ್ಲೆ ಎಲ್ಲಿಂದ ಹೊರಡುತ್ತದೆಂದು ಕಾಯಲು ಕೋವಿಯ ತುದಿಯನ್ನು ಟ್ರ್ಯಾಪ್ ಹೌಸಿನ ಮಾಡಿನ ಅಂಚಿಗೆ ಹಿಡಿದು ನಿಲ್ಲುವುದು ಈ ಆಟದ ಪದ್ಧತಿ. ನಾಲ್ಕನೇ ಜಾಗದಲ್ಲಿದ್ದ ಹುಡುಗ ಕೋವಿಯನ್ನು ಹೆಗಲಿಗೇರಿಸಿ ಹಾಗೇ ಹಿಡಿಯುತ್ತಿದ್ದ. ಅವನು ಇನ್ನೂ ಕೂಗಿರಲಿಲ್ಲ. ದಪ್ಪ ಕೈಗವಸಿನ ಬೆರಳು ಕುದುರೆಗೆ ತಾಗಿತು. ಈಡು ಹೋಗಿ ಗೋಡೆಗೆ ಬಿತ್ತು.

ಆ ಹೊತ್ತಿಗೆ ನಾನು ಎಡಗಡೆ ತಿರುಗಿದ್ದೆ. ಮೊದಲನೇ ಜಾಗದ ಹುಡುಗಿ ತನಗೆ ಎಷ್ಟು ಅಂಕವಾಯಿತು ಎಂದು ಕೇಳಿದ್ದಳು. ಮುಖ ಎಡಕ್ಕೆ ತಿರುಗಿದರೆ ಬಲಗಣ್ಣಿನ ಹೊರಮೂಲೆ ಗೋಡೆಗೆ ಎದುರಾಗುತ್ತದೆ. ಅಲ್ಲಿ ಕನ್ನಡಕದ ಗಾಜು ಮುಗಿದು ಕಡ್ಡಿ ಶುರುವಾಗುವ ಕಡೆ ಒಂದು ಬೆರಳು ತೂರುವಷ್ಟು ಖಾಲಿ ಜಾಗ ಇರುತ್ತದೆ. ಕನ್ನಡಕ ಹಾಕುವ ಎಲ್ಲರಿಗೂ ಇರುತ್ತದೆ. ಕನ್ನಡಿಯಲ್ಲಿ ಓರೆಯಾಗಿ ನೋಡಿಕೊಂಡರೆ ಕಾಣುತ್ತದೆ.

ಯಾರೋ ಕಪಾಳಕ್ಕೆ ಹೊಡೆದರು ಅನ್ನಿಸಿತು. ನೋವು ಅಂತ ಹೇಳುವಷ್ಟು ನೋವಿರಲಿಲ್ಲ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಒಂದು ಕ್ಷಣ ಎಲ್ಲ ಸರಿಯಾಗಿಯೇ ಕಂಡಿತು, ಕೈಯಲ್ಲಿದ್ದ ಹಾಳೆ, ಹುಡುಗಿಯ ಕೆಂಪು ಟೋಪಿ. ಆಮೇಲೆ ಗಾಜಿನ ಲೋಟದ ನೀರಿಗೆ ಶಾಯಿ ಬಿಟ್ಟ ಹಾಗೆ ಕಪ್ಪು ಎಳೆಗಳು ಸುತ್ತಿಕೊಳ್ಳುತ್ತಾ ಬಂದವು. ಎಳೆಗಳು ಕೂಡಿಕೊಂಡು ಮಬ್ಬಾಯಿತು. ಮಬ್ಬು ಕೆಂಪಾಗಿ, ಕೆಂಪು ಕಂದಾಗಿ, ಕೊನೆಗೆ ಆ ಕಣ್ಣಿಗೆ ಬೆಳಕಿನ ಕಡೆ ಯಾವುದು ಎಂಬುದಷ್ಟೇ ಗೊತ್ತಾಗುತ್ತಿತ್ತು.

ಕೈ ತಾನಾಗಿ ಕಣ್ಣುಜ್ಜಲು ಹೋಯಿತು. ಯಾರೋ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದರು. ಯಾವುದೋ ಮಗುವಿನ ಅಜ್ಜ, ಒಂದು ಕಾಲದಲ್ಲಿ ಅಗ್ನಿಶಾಮಕ ದಳದಲ್ಲಿದ್ದವರು. "ಮುಟ್ಟಬೇಡಿ, ಒತ್ತಬೇಡಿ, ನೀರು ಹಾಕಬೇಡಿ" ಎಂದು ಮತ್ತೆ ಮತ್ತೆ ಅದನ್ನೇ ಹೇಳಿದರು. ಕಾಫಿಯ ಪೇಪರ್ ಕಪ್ಪಿನ ತಳದ ಭಾಗವನ್ನಷ್ಟೇ ಕತ್ತರಿಸಿ, ಅದರ ಅಂಚು ಹುಬ್ಬಿನ ಮೂಳೆ ಮತ್ತು ಕೆನ್ನೆಯ ಮೂಳೆಯ ಮೇಲೆ ಮಾತ್ರ ಕೂರುವಂತೆ ಇಟ್ಟು, ಸುತ್ತ ಟೇಪು ಅಂಟಿಸಿದರು. ತೂತಾದ ಕಣ್ಣನ್ನು ಒತ್ತಿದರೆ ಒಳಗಿನದು ಹೊರಗೆ ಬರುತ್ತದೆ. ಹತ್ತಿಯಿಟ್ಟು ಪಟ್ಟಿ ಬಿಗಿಯುವುದು ಎಲ್ಲಕ್ಕಿಂತ ಕೆಟ್ಟದ್ದು. ನನಗೆ ಇವತ್ತು ಆ ಕಣ್ಣಿನಲ್ಲಿ ಉಳಿದಿರುವ ಅಷ್ಟಿಷ್ಟು ಬೆಳಕಿಗೆ ಆ ಅಜ್ಜನೂ ಒಂದು ಕಾರಣ ಎಂದು ಆಮೇಲೆ ಡಾಕ್ಟರೇ ಹೇಳಿದರು.

ಪಕ್ಕದ ಊರಿನ ಸಣ್ಣ ಆಸ್ಪತ್ರೆಯಲ್ಲಿ ಟೆಟನಸ್ ಚುಚ್ಚುಮದ್ದು, ನರಕ್ಕೆ ಆಂಟಿಬಯೋಟಿಕ್, ವಾಂತಿಯಾಗದಂತೆ ಇನ್ನೊಂದು ಚುಚ್ಚುಮದ್ದು. ವಾಂತಿಗೆ ಉಬ್ಬಳಿಸಿದರೂ ಕಣ್ಣಿನೊಳಗೆ ಒತ್ತಡ ಏರುತ್ತದಂತೆ. ಸಿಟಿ ಸ್ಕ್ಯಾನ್ ಮಾಡಿದರು. ಎಂಆರ್‌ಐ ಕೋಣೆಯ ಹತ್ತಿರ ಕೂಡ ಇವರನ್ನು ಒಯ್ಯಬೇಡಿ ಎಂದು ನರ್ಸ್ ದೊಡ್ಡ ಅಕ್ಷರದಲ್ಲಿ ಬರೆದು ಮಂಚಕ್ಕೆ ತೂಗುಹಾಕಿದಳು. ಉಕ್ಕಿನ ಚೂರು ಒಳಗಿದ್ದರೆ ಆ ಯಂತ್ರದ ಅಯಸ್ಕಾಂತ ಅದನ್ನು ಕಣ್ಣಿನೊಳಗೇ ಎಳೆದಾಡುತ್ತದೆ. ಸ್ಕ್ಯಾನಿನ ಚಿತ್ರವನ್ನು ನನ್ನ ಗಂಡ ನೋಡಿದರು. ಕಣ್ಣಿನ ಬೂದು ವೃತ್ತದ ಹಿಂಭಾಗದಲ್ಲಿ ಒಂದು ಬಿಳಿಯ ಚುಕ್ಕೆ, ಸುತ್ತ ಕಿರಣ. "ಇಷ್ಟೇನಾ?" ಅಂದರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಅಲ್ಲಿಂದ ಆಂಬುಲೆನ್ಸಿನಲ್ಲಿ ಮಿನಿಯಾಪೊಲಿಸ್. ರಾತ್ರಿಯೇ ಆಪರೇಷನ್. ಸೀಸದ ಚರೆಯಾಗಿದ್ದರೆ, ಇದ್ದ ಜಾಗ ಅಪಾಯದ್ದಲ್ಲದಿದ್ದರೆ, ಕೆಲವು ಸಲ ಹಾಗೇ ಬಿಡುವುದೂ ಉಂಟಂತೆ. ಕಬ್ಬಿಣವನ್ನು ಬಿಡುವಂತಿಲ್ಲ, ಅದು ನಿಧಾನವಾಗಿ ಕರಗಿ ಅಕ್ಷಿಪಟಲಕ್ಕೆ ವಿಷವಾಗುತ್ತದೆ. ಮೊದಲು ಹೊರಗಿನ ಗಾಯ ಹೊಲಿದರು. ಆಮೇಲೆ ಬಿಳಿಗುಡ್ಡೆಯಲ್ಲಿ ಮೂರು ಸಣ್ಣ ತೂತು ಮಾಡಿ, ಕಣ್ಣೊಳಗೆ ತುಂಬಿರುವ ಲೋಳೆಯನ್ನು ರಕ್ತದ ಸಮೇತ ಹೀರಿ ತೆಗೆದು, ಚರೆಯನ್ನು ಎತ್ತಿದರು. ಅದು ಬಡಿದ ಕಡೆ ಪಟಲ ಹರಿದಿತ್ತು. ಸುತ್ತ ಲೇಸರಿನಿಂದ ಸುಟ್ಟು ಅಂಟಿಸಿ, ಒಳಗಿನಿಂದ ಒತ್ತಿ ಹಿಡಿಯಲಿ ಎಂದು ಗಾಳಿಗುಳ್ಳೆ ತುಂಬಿಸಿದರು.

ನನ್ನನ್ನು ಸೋಲಿಸಿದ್ದು ಆಪರೇಷನ್ ಅಲ್ಲ, ಆ ಗುಳ್ಳೆ. ಗುಳ್ಳೆ ಯಾವಾಗಲೂ ಮೇಲಕ್ಕೆ ತೇಲುತ್ತದೆ. ಅದು ಕಣ್ಣಿನ ಹಿಂಭಾಗವನ್ನು ಒತ್ತಬೇಕಾದರೆ ಹಿಂಭಾಗವೇ ಮೇಲಾಗಬೇಕು, ಅಂದರೆ ಮುಖ ನೆಲಕ್ಕೆ. ಹಗಲೂ ರಾತ್ರಿಯೂ. ಊಟಕ್ಕೂ ಬಚ್ಚಲಿಗೂ ಮಾತ್ರ ಸ್ವಲ್ಪ ರಿಯಾಯಿತಿ. ಮುಖ ತೂರಿಸಲು ತೂತಿರುವ ಒಂದು ಕುರ್ಚಿಯನ್ನು ಬಾಡಿಗೆಗೆ ತಂದರು. ಅದರಲ್ಲಿ ಬಗ್ಗಿ ಕೂತು ನಾನು ನೋಡಿದ್ದು ಕಾರ್ಪೆಟ್ಟು ಮತ್ತು ಜನರ ಪಾದ. ಕನ್ನಡ ಕೂಟದ ಗೆಳತಿಯರು ಬಿಸಿಬೇಳೆ ಬಾತ್ ಮಾಡಿಕೊಂಡು ಬಂದರು. ಅವರ ಕಾಲ್ಚೀಲಗಳನ್ನು ನೋಡುತ್ತಲೇ ಮಾತಾಡಿದೆ. ಯಾರು ಅಳುತ್ತಿದ್ದಾರೆ, ಯಾರು ಸುಮ್ಮನೆ ನಿಂತಿದ್ದಾರೆ ಎಂಬುದು ಪಾದಗಳಿಂದಲೂ ತಿಳಿಯುತ್ತದೆ. ಬಾತ್ ತಿನ್ನಲಾಗಲಿಲ್ಲ. ರಾಗಿ ಗಂಜಿಯನ್ನು ಸ್ಟ್ರಾ ಹಾಕಿ ಕುಡಿದೆ. ಕತ್ತು ಕಲ್ಲಾಯಿತು, ಹಣೆಯ ಚರ್ಮ ಸುಲಿಯಿತು, ಮುಖವೆಲ್ಲ ಊದಿತು. ರಾತ್ರಿ ನಿದ್ದೆಯಲ್ಲಿ ಮಗ್ಗುಲಾದೆನೋ ಎಂಬ ಭಯಕ್ಕೆ ನಿದ್ದೆಯೇ ಬರುತ್ತಿರಲಿಲ್ಲ. ಮಗ ನೆಲದ ಮೇಲೆ ಚಾಪೆ ಹಾಸಿ, ಅಂಗಾತ ಮಲಗಿ, ಕೆಳಗಿನಿಂದ ನನ್ನ ಮುಖ ನೋಡುತ್ತಾ ಶಾಲೆಯ ಕಥೆ ಹೇಳುತ್ತಿದ್ದ. ಶೂಟಿಂಗಿನ ಮಾತು ಮಾತ್ರ ಎತ್ತುತ್ತಿರಲಿಲ್ಲ.

ಗುಳ್ಳೆ ಕರಗುವ ತನಕ ವಿಮಾನ ಹತ್ತುವಂತಿಲ್ಲ. ಮೇಲೆ ಹೋದಂತೆ ಗಾಳಿ ಹಿಗ್ಗಿ ಕಣ್ಣಿನ ಒತ್ತಡ ವಿಪರೀತ ಏರುತ್ತದೆ. ಕೈಗೆ ಹಸಿರು ಪಟ್ಟಿ ಕಟ್ಟಿ, ಇದನ್ನು ನೀವಾಗಿ ಬಿಚ್ಚಬೇಡಿ ಅಂದಿದ್ದರು. ಊರಿಗೆ ಹೊರಡಲು ತೆಗೆಸಿದ್ದ ಟಿಕೆಟ್ಟು ರದ್ದಾಯಿತು. ಅಪ್ಪನಿಗೆ ಅಲ್ಲಿಯವರೆಗೂ ಸುದ್ದಿ ಹೇಳಿರಲಿಲ್ಲ. ಹೇಳಲೇಬೇಕಾಯಿತು. ಫೋನನ್ನು ನೆಲದ ಮೇಲಿಟ್ಟು ಮಾತಾಡಿದೆ.

ಅಪ್ಪ ಪೂರ್ತಿ ಕೇಳಿಸಿಕೊಂಡರು. ಮೊದಲು ಕೇಳಿದ್ದು, "ಎಷ್ಟನೇ ನಂಬರು ಚರೆ?"

"ಏಳು, ಅಪ್ಪ. ಉಕ್ಕಿನದು."

"ಉಕ್ಕಾ? ಗೋಡೆ ಯಾವುದರದ್ದು?"

"ಸಿಮೆಂಟ್ ಇಟ್ಟಿಗೆ."

"ಮುಂದೆ ಮಣ್ಣು ಪೇರಿಸಿರಲಿಲ್ವಾ?"

"ಇಲ್ಲ."

ಸ್ವಲ್ಪ ಹೊತ್ತು ಆ ಕಡೆ ಸದ್ದಿಲ್ಲ. ಆಮೇಲೆ, "ಆ ಹುಡುಗನಿಗೆ ಏನೂ ಅನ್ನಬೇಡ ಮಗಳೇ" ಅಂದು ಫೋನನ್ನು ಅಮ್ಮನ ಕೈಗೆ ಕೊಟ್ಟರು. ಅಮ್ಮ ಅತ್ತರು, ಹರಕೆ ಹೊತ್ತರು, ಅಮೆರಿಕಕ್ಕೂ ಬೈದರು.

ಹುಡುಗ ಬಂದ, ಅವನ ತಾಯಿಯ ಜೊತೆ. ನಾನು ಆಗ ತಲೆಯೆತ್ತುವ ಹಂತಕ್ಕೆ ಬಂದಿದ್ದೆ. ಬಾಗಿಲಲ್ಲೇ ನಿಂತ. ಮುಖದಲ್ಲಿ ಇನ್ನೂ ಮೀಸೆ ಮೂಡದ ಮಗು. ತಾಯಿ ಮಾತಾಡುತ್ತಲೇ ಇದ್ದರು, ಅವನು ತನ್ನ ಬಲಗೈಯನ್ನು ಜೇಬಿನಿಂದ ತೆಗೆಯಲೇ ಇಲ್ಲ. ಏನು ಹೇಳಬೇಕೆಂದು ನನಗೂ ತಿಳಿಯಲಿಲ್ಲ. "ಬೆರಳು ಕುದುರೆಯಿಂದ ಹೊರಗಿರಬೇಕು ಅಂತ ನಿನಗೆ ಗೊತ್ತಲ್ಲ" ಎಂದು ಹೇಳಿದರೆ ಅದು ಬೈಗುಳವಾಗುತ್ತಿತ್ತು. "ಪರವಾಗಿಲ್ಲ" ಎಂದರೆ ಸುಳ್ಳಾಗುತ್ತಿತ್ತು. ಕೊನೆಗೆ, ನಳಿಗೆಯನ್ನು ನೀನು ಮುಂದಕ್ಕೇ ಹಿಡಿದಿದ್ದೆ, ಅದು ಸರಿಯಾಗಿತ್ತು ಎಂದೆ. ಅದು ನಿಜ. ಕೈತಪ್ಪಿ ಈಡು ಹೊರಡುವುದು ಎಂದಾದರೂ ಒಂದು ದಿನ ಆಗುತ್ತದೆ ಎಂದು ತಿಳಿದೇ ನಳಿಗೆಯ ನಿಯಮ ಮಾಡಿರುವುದು. ಹುಡುಗ ಆ ನಿಯಮ ಪಾಲಿಸಿದ್ದ. ಮುಂದಿದ್ದ ಗೋಡೆ ಪಾಲಿಸಲಿಲ್ಲ.

ಬೇಸಿಗೆಯಲ್ಲಿ ಪಟಲ ಕಳಚಿತು. ಮೂಗಿನ ಕಡೆಯಿಂದ ಕಪ್ಪು ಪರದೆ ಎದ್ದು ಬಂತು. ಮತ್ತೆ ಆಪರೇಷನ್, ಈ ಸಲ ಗಾಳಿಯ ಬದಲು ಸಿಲಿಕೋನ್ ಎಣ್ಣೆ. ಕೆಲವು ತಿಂಗಳ ಮೇಲೆ ಎಣ್ಣೆ ತೆಗೆದರು. ಅಷ್ಟರಲ್ಲಿ ಪೊರೆ ಬಂದಿತ್ತು, ಅದನ್ನೂ ತೆಗೆದು ಮಸೂರ ಕೂರಿಸಿದರು. ಇವನ್ನೆಲ್ಲ ವಿವರಿಸುವ ಉತ್ಸಾಹ ನನಗಿಲ್ಲ.

ಆದರೆ ಒಂದು ಭಯವನ್ನು ಹೇಳಬೇಕು. ಒಂದು ಕಣ್ಣಿಗೆ ತೂರುಗಾಯವಾದರೆ, ತೀರ ಅಪರೂಪಕ್ಕೆ, ವಾರಗಳೋ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ದೇಹ ತನ್ನದೇ ಕಣ್ಣಿನ ಮೇಲೆ ತಿರುಗಿ ಬಿದ್ದು ಚೆನ್ನಾಗಿರುವ ಇನ್ನೊಂದು ಕಣ್ಣೂ ಉರಿಯೂತದಿಂದ ಹೋಗಬಹುದು. ಡಾಕ್ಟರು ಇದನ್ನು ಹೇಳಿದಾಗ ನನಗೆ ನೆನಪಾದದ್ದು ಲೂಯಿ ಬ್ರೈಲ್. ಮೂರು ವರ್ಷದ ಮಗು ಅಪ್ಪನ ಕಾರ್ಯಾಗಾರದಲ್ಲಿ ಚರ್ಮ ಚುಚ್ಚುವ ದಬ್ಬಳದಿಂದ ಒಂದು ಕಣ್ಣಿಗೆ ಗಾಯ ಮಾಡಿಕೊಂಡಿತು, ಐದು ವರ್ಷದ ಹೊತ್ತಿಗೆ ಎರಡೂ ಕಣ್ಣು ಹೋಗಿದ್ದವು. ಶಾಲೆಯಲ್ಲಿ ಓದುವಾಗ ಒಂದು ಕಣ್ಣಿನ ಗಾಯಕ್ಕೆ ಎರಡೂ ಏಕೆ ಹೋಯಿತು ಎಂದು ನಾವು ಯಾರೂ ಕೇಳಿರಲಿಲ್ಲ. ಈಗ ಔಷಧ ಇದೆ, ಬೇಗ ಹೇಳಿದರೆ ಉಳಿಸಬಹುದು. ಆದರೂ ಆ ವರ್ಷವಿಡೀ ಬೆಳಿಗ್ಗೆ ಎದ್ದ ಕೂಡಲೇ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರ ಓದುವುದು ನನ್ನ ಸುಪ್ರಭಾತವಾಯಿತು. ಬೆಳಕು ಚುಚ್ಚಿದರೆ ಎದೆ ಹೊಡೆದುಕೊಳ್ಳುತ್ತಿತ್ತು.

ವಿಮೆಯವರ ಫಾರಂ ಬಂತು. "ಘಟನೆಯ ವೇಳೆ ಕಣ್ಣಿಗೆ ರಕ್ಷಣೆ ಧರಿಸಿದ್ದಿರಾ? ಹೌದು. ಇಲ್ಲ." ಎರಡೇ ಚೌಕ. ಹೌದು ಎಂದರೆ ಇಷ್ಟು ಗಾಯ ಹೇಗಾಯಿತು ಎನ್ನುತ್ತಾರೆ, ಇಲ್ಲ ಎಂದರೆ ತಪ್ಪು ನಿಮ್ಮದೇ ಎನ್ನುತ್ತಾರೆ. ಆಸ್ಪತ್ರೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟಿದ್ದ ನನ್ನ ಕನ್ನಡಕವನ್ನು ತೆಗೆದು ನೋಡಿದೆ. ಒಂದು ಗೀರು ಕೂಡ ಇರಲಿಲ್ಲ. ಅದರ ಫೋಟೋ ತೆಗೆದು, ಗಾಜಿನ ಹೊರಮೂಲೆಯ ಖಾಲಿ ಜಾಗಕ್ಕೆ ಬಾಣದ ಗುರುತು ಹಾಕಿ, ಎರಡೂ ಚೌಕ ಖಾಲಿ ಬಿಟ್ಟು ಕಳಿಸಿದೆ. ಅದರ ಮೇಲೆ ಬಹಳ ಕಾಗದಪತ್ರ ನಡೆಯಿತು.

ಆಗ ಓದಿ ತಿಳಿದದ್ದು. ಅಮೆರಿಕದಲ್ಲಿ ರಕ್ಷಣಾ ಕನ್ನಡಕಕ್ಕೆ ಝಡ್ 87 ಎಂಬ ಮಾನದಂಡವಿದೆ. ಪೆಟ್ಟು ತಡೆಯುವಂಥದ್ದರ ಗಾಜಿನ ಮೂಲೆಯಲ್ಲೂ ಕಡ್ಡಿಯ ಮೇಲೂ ಆ ಗುರುತಿನ ಜೊತೆ ಒಂದು ಕೂಡಿಕೆಯ ಚಿಹ್ನೆ ಇರುತ್ತದೆ. ಕಾಲು ಇಂಚಿನ ಉಕ್ಕಿನ ಗುಂಡನ್ನು ಸೆಕೆಂಡಿಗೆ 150 ಅಡಿ ವೇಗದಲ್ಲಿ ಹೊಡೆದು ಅದನ್ನು ಪರೀಕ್ಷೆ ಮಾಡುತ್ತಾರೆ, ಬದಿಯಿಂದಲೂ ಹೊಡೆಯುತ್ತಾರೆ. ಆ ಗುಂಡು ನನ್ನ ಕಣ್ಣಿಗೆ ಬಿದ್ದ ಚರೆಗಿಂತ ಹದಿನೈದು ಪಟ್ಟು ಭಾರ. ಅಂಥ ಗಾಜು ಪಾಲಿಕಾರ್ಬೊನೇಟಿನದು, ಹುಬ್ಬಿನಿಂದ ಕಿವಿಯ ಹತ್ತಿರದವರೆಗೆ ಬಾಗಿ ಬರುತ್ತದೆ. ಪವರ್ ಕನ್ನಡಕದ ಮೇಲೆಯೇ ಹಾಕಿಕೊಳ್ಳುವ ದೊಡ್ಡ ಗಾತ್ರದ್ದೂ ಸಿಗುತ್ತದೆ. ಬೆಲೆ ಒಂದು ಸಿನಿಮಾ ಟಿಕೆಟ್ಟಿನಷ್ಟು. ಹತ್ತಿರದಿಂದ ನೇರ ಬಂದ ಈಡನ್ನು ಯಾವ ಕನ್ನಡಕವೂ ತಡೆಯುವುದಿಲ್ಲ, ಅದಕ್ಕೆ ನಳಿಗೆಯ ನಿಯಮವೇ ಗತಿ. ಆದರೆ ಗೋಡೆಗೆ ಬಡಿದು ಬಂದದ್ದು, ಪಕ್ಕದ ಅಂಕಣದಿಂದ ಗಾಳಿಗೆ ತೇಲಿ ಬರುವ ಬಿಲ್ಲೆಯ ಚೂರು, ಎಲ್ಲೋ ಹಾರಿಸಿದ್ದು ದಣಿದು ಮೇಲಿನಿಂದ ಉದುರುವುದು, ಈ ಆಟದಲ್ಲಿ ಸುತ್ತ ನಿಂತವರನ್ನು ಹುಡುಕಿಕೊಂಡು ಬರುವುದು ಇವೇ. ಸಣ್ಣ ಚರೆ ಇನ್ನೂರು ಗಜದ ಸುಮಾರಿಗೆ ಹೋಗಿ ಬೀಳುತ್ತದೆ. ಅಂಗಿಯ ಮೇಲೆ ಬಿದ್ದರೆ ಗೊತ್ತೂ ಆಗುವುದಿಲ್ಲ. ಅದೇ ಹೊತ್ತಿಗೆ ಕಣ್ಣೆತ್ತಿ ಆಕಾಶ ನೋಡುತ್ತಿದ್ದವರ ಕಥೆ ಬೇರೆ. ಗುರಿ ಹಿಡಿದವನು ಹೇಗೂ ಒಳ್ಳೆಯ ಗಾಜು ಹಾಕಿರುತ್ತಾನೆ, ಅವನಿಗೆ ಬಿಲ್ಲೆ ಚೆನ್ನಾಗಿ ಕಾಣಬೇಕಲ್ಲ. ಬರೆಯುವವರು, ಯಂತ್ರಕ್ಕೆ ಬಿಲ್ಲೆ ತುಂಬುವವರು, ಆಡುವವರ ತಂಗಿಯನ್ನು ಎತ್ತಿಕೊಂಡು ನೋಡಲು ಬಂದ ಅಜ್ಜಿ, ಇವರ ಕಣ್ಣನ್ನು ಕೇಳುವವರಿಲ್ಲ.

ಮೈದಾನದವರು ಆ ಗೋಡೆಗೆ ಈಗ ದಪ್ಪ ಮರದ ಹಲಗೆ ಹೊಡೆದಿದ್ದಾರೆ. ಗೇಟಿನಲ್ಲಿ ಒಂದು ಪೆಟ್ಟಿಗೆ ತುಂಬ ಗ್ಲಾಸು ಇಟ್ಟಿದ್ದಾರೆ. ಮಗ ಆ ವರ್ಷ ಆಡಲಿಲ್ಲ. ಮರುವರ್ಷ ತಾನೇ ಕೇಳಿದ. ನನ್ನ ಗಂಡ ಬೇಡವೇ ಬೇಡ ಅಂದರು. ನಾನು ಸಹಿ ಹಾಕಿದೆ. ಆ ವಿಷಯಕ್ಕೆ ನಮ್ಮ ಮನೆಯಲ್ಲಿ ಇವತ್ತೂ ಒಮ್ಮತವಿಲ್ಲ.

ಬಲಗಣ್ಣಿಗೆ ಈಗ ಡಾಕ್ಟರ ಪಟ್ಟಿಯ ಮೇಲಿನ ದೊಡ್ಡ ಅಕ್ಷರ ಕಾಣುತ್ತದೆ, ಅದೂ ಸ್ವಲ್ಪ ಸೊಟ್ಟಗೆ. ದೂರ ಹತ್ತಿರದ ಅಂದಾಜು ಹೋಗಿದೆ. ಕಾಫಿಯನ್ನು ಲೋಟದ ಪಕ್ಕಕ್ಕೆ ಸುರಿಯುತ್ತೇನೆ, ಅದಕ್ಕೇ ಈಗ ಫಿಲ್ಟರಿನ ಮೂತಿಯನ್ನು ಲೋಟದ ಅಂಚಿಗೆ ತಾಗಿಸಿಕೊಂಡೇ ಬಗ್ಗಿಸುವುದು. ಇಳಿಯುವ ಮೆಟ್ಟಿಲಿನಲ್ಲಿ ಕೊನೆಯದು ಯಾವಾಗಲೂ ಒಂದು ಹೆಚ್ಚಿಗೆ ಅಥವಾ ಒಂದು ಕಡಿಮೆ. ಬಲಗಡೆ ಯಾರಾದರೂ ಸದ್ದಿಲ್ಲದೆ ಬಂದು ನಿಂತರೆ ಬೆಚ್ಚುತ್ತೇನೆ. ಹೆದ್ದಾರಿಯಲ್ಲಿ ಕಾರು ಓಡಿಸುವುದನ್ನು ಬಿಟ್ಟಿದ್ದೇನೆ.

ಕಳೆದ ಸಲ ಕೈಲ್‌ಪೊಳ್ದಿಗೆ ಊರಿಗೆ ಹೋದಾಗ ಅಪ್ಪನಿಗೊಂದು ರಕ್ಷಣಾ ಕನ್ನಡಕ ಒಯ್ದಿದ್ದೆ. ತೆಂಗಿನಕಾಯಿಗೆ ಈಡು ಹೊಡೆಯುವ ಮೈದಾನದಲ್ಲಿ ಹಾಕಿಕೊಂಡರು, ಮಂಜು ಕಟ್ಟಿತೆಂದು ಹಣೆಗೇರಿಸಿದರು, ನಾನು ನೋಡುತ್ತಿದ್ದೇನೆಂದು ಗೊತ್ತಾಗಿ ಇಳಿಸಿದರು. ಪಕ್ಕದಲ್ಲಿದ್ದವರು ಇದೇನು ವೆಲ್ಡಿಂಗ್ ಕೆಲಸವಾ ಎಂದು ತಮಾಷೆ ಮಾಡಿದರು. ಅಪ್ಪ ನನ್ನ ಕಡೆ ಕೈ ತೋರಿಸಿದರು ಅಷ್ಟೆ. ಸಂಜೆ ಅವರಲ್ಲಿ ಇಬ್ಬರು ಮನೆಗೆ ಬಂದು ಅದನ್ನು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ, ಬೆಲೆ ಕೇಳಿದರು. ಮುಂದಿನ ಸಲ ಬರುವಾಗ ಆರು ತರಬೇಕಂತೆ. ಎರಡು ಪವರ್ ಕನ್ನಡಕದ ಮೇಲೆ ಹಾಕುವಂಥವು, ಒಂದು ಮಕ್ಕಳ ಅಳತೆಯದ್ದು. ಮಂಜು ಕಟ್ಟದ ಬಗೆಯದೇ ಆಗಬೇಕು ಎಂದು ಅಪ್ಪ ಫೋನಿನಲ್ಲಿ ಮತ್ತೆ ನೆನಪಿಸಿದ್ದಾರೆ.